ರಸ್ತೆಯಿಲ್ಲದ ಊರಿಗೆ ಅಪ್ಪ ಅಮ್ಮನ ಜೊತೆ

"ಕಾರಲ್ಲಿ ಎಷ್ಟು ಹೊತ್ತಿನ ದಾರಿ?" ಅಂತ ಅಪ್ಪ ಕೇಳಿದರು.

"ದಾರಿಯೇ ಇಲ್ಲ ಅಪ್ಪ," ಅಂದೆ.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಅಲಾಸ್ಕಾದ ಆಗ್ನೇಯ ಮೂಲೆ. ಜೂನೋ ಆ ರಾಜ್ಯದ ರಾಜಧಾನಿ. ರಾಜಧಾನಿಗೇ ಹೊರಗಿನಿಂದ ರಸ್ತೆ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲಾಂದ್ರೆ ಹಡಗು. ಅಲ್ಲಿಂದ ಪಶ್ಚಿಮಕ್ಕೆ ಇನ್ನೊಂದು ಪುಟ್ಟ ವಿಮಾನ ಹತ್ತಿದರೆ ಗಸ್ಟೇವಸ್ ಎಂಬ ಹಳ್ಳಿ. ಹಳ್ಳಿಯಿಂದ ಸುಮಾರು 10 ಮೈಲಿ ರಸ್ತೆ. ಆ ರಸ್ತೆ ಮುಗಿಯುವ ಕಡೆ ಬಾರ್ಟ್‌ಲೆಟ್ ಕೋವ್. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ಅದೇ ಹೆಬ್ಬಾಗಿಲು. ಗ್ಲೇಸಿಯರ್ ಬೇ ಅಂದರೆ ಹಿಮನದಿಯ ಕೊಲ್ಲಿ. ಅಲ್ಲಿಂದ ಮುಂದೆ ನೀರು, ಕಾಡು, ಹಿಮ.

ಅಮ್ಮ ಪಕ್ಕದಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. "ಮಳೆ, ಚಳಿ, ಕರಡಿ. ಇದನ್ನ ನೋಡೋಕೆ ಅಷ್ಟು ದುಡ್ಡಾ? ಮಳೆ ಚಳಿ ಎರಡೂ ಆಗುಂಬೆ ಬಸ್ಸಲ್ಲಿ ಸಿಗುತ್ತೆ ಮಾರಾಯ್ತಿ."

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪಂದು ಅಡಿಕೆ ತೋಟ. ನಾನಿರುವುದು ಸಿಯಾಟಲ್‌ನಲ್ಲಿ. ಇಬ್ಬರೂ ಮೇ ತಿಂಗಳಲ್ಲಿ ಬಂದಿದ್ದರು, ಮೂರು ತಿಂಗಳಿಗೆ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರನ್ನು ಎಲ್ಲರೂ ನಯಾಗರಾಕ್ಕೆ ಕರೆದುಕೊಂಡು ಹೋಗುತ್ತಾರೆ. ಜೋಗ ನೋಡಿದವರಿಗೆ ಅದನ್ನು ತೋರಿಸುವುದು ಬೇಡ ಅನ್ನುವುದು ನನ್ನ ಹಟ. ಅವರು ಹುಟ್ಟಿದಾಗಿನಿಂದ ನೋಡದ್ದು ಒಂದೇ, ಹಿಮ.

ಅವರು ಬರುವ ಮೊದಲೇ, ಜನವರಿಯಲ್ಲಿ ನಾನು ತಯಾರಿ ಶುರು ಮಾಡಿದ್ದೆ. ಆಫೀಸಿನಲ್ಲಿ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಕ್ರೂಸ್ ಹಡಗು ಹತ್ತಿ, ವಯಸ್ಸಾದವರಿಗೆ ಅದೇ ಸುಲಭ. ಸಿಯಾಟಲ್ ಬಂದರಿನಿಂದಲೇ ಹಡಗು ಹೊರಡುತ್ತದೆ, ಊಟ ತಿಂಡಿ ಮಲಗೋದು ಎಲ್ಲ ಒಳಗೇ. ನಾನೂ ಒಂದು ವಾರ ಅದನ್ನೇ ನೋಡಿದೆ. ಆಮೇಲೆ ಗೊತ್ತಾಯಿತು, ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ವಾಪಸ್ ಬರುವ ಈ ಹಡಗುಗಳು ದಾರಿಯಲ್ಲಿ ಕೆನಡಾದ ಬಂದರೊಂದರಲ್ಲಿ ನಿಲ್ಲುತ್ತವೆ. ಸಾಮಾನ್ಯವಾಗಿ ವಿಕ್ಟೋರಿಯಾದಲ್ಲಿ. ನಿಲ್ಲಲೇಬೇಕು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಹೊರ ದೇಶವನ್ನು ಮುಟ್ಟದೆ ತಿರುಗಿ ಬರುವಂತಿಲ್ಲ ಅನ್ನುವ ಕಾನೂನು 1886ರಿಂದಲೂ ಇದೆ. ಅಲ್ಲಿಗೆ ನಮ್ಮ ಮೂವರಿಗೂ ಕೆನಡಾ ವೀಸಾ ಬೇಕಾಯಿತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕ್ರೂಸ್ ಬುಕ್ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ. ಅರ್ಧ ಗಂಟೆ ಬಂದರು ಕಟ್ಟೆಯ ಮೇಲೆ ಓಡಾಡಲು ಇನ್ನೊಂದು ದೇಶದ ವೀಸಾ!

ಇನ್ನೊಂದು ವಿಷಯ ನನ್ನ ಮನಸ್ಸನ್ನು ಪೂರ್ತಿ ತಿರುಗಿಸಿತು. ದೊಡ್ಡ ಹಡಗುಗಳು ಗ್ಲೇಸಿಯರ್ ಬೇ ಒಳಗೆ ಎಲ್ಲೂ ದಡಕ್ಕೆ ಹಚ್ಚುವುದಿಲ್ಲ. ದಿನಕ್ಕೆ ಎರಡೇ ಹಡಗಿಗೆ ಅನುಮತಿ. ಉದ್ಯಾನದ ರೇಂಜರ್‌ಗಳು ಸಣ್ಣ ಬೋಟಿನಲ್ಲಿ ಬಂದು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಹಡಗು ಒಳಗೆ ಹೋಗಿ ಹಿಮ ತೋರಿಸಿ ಹೊರಗೆ ಬರುತ್ತದೆ. ಅಪ್ಪ ನೆಲ ಮುಟ್ಟದೆ ಒಂದು ಊರು ನೋಡಿದೆ ಅನ್ನುವ ಜನ ಅಲ್ಲ. ಎಲ್ಲಿ ಹೋದರೂ ಬಗ್ಗಿ ಒಂದು ಹಿಡಿ ಮಣ್ಣು ತಿಕ್ಕಿ ನೋಡಬೇಕು. ಹಾಗಾಗಿ ಕ್ರೂಸ್ ಬಿಟ್ಟೆ.

ಇಲ್ಲಿಂದ ಮುಂದೆ ಎಡವಟ್ಟೆಲ್ಲ ನನ್ನದೇ. ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್ ಇದ್ದವು, ಜೂನೋಗೆ ವಿಮಾನದ ಟಿಕೆಟ್ ಸಸ್ತಾ ಕಂಡಿತು, ತಕ್ಷಣ ತೆಗೆದುಬಿಟ್ಟೆ. ಮೂರು ರಾತ್ರಿ, ನಾಲ್ಕು ಹಗಲು. ಆಮೇಲೆ ವಸತಿ ಹುಡುಕಿದೆ. ಉದ್ಯಾನದ ಒಳಗೆ ಇರುವುದು ಒಂದೇ ಲಾಡ್ಜ್. ಅದೂ ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಮಾತ್ರ. ನನ್ನ ದಿನಗಳಿಗೆ ಅಲ್ಲಿ ಜಾಗ ಇರಲಿಲ್ಲ. ಕೊಲ್ಲಿಯ ದಡದಲ್ಲಿ ಟೆಂಟ್ ಹಾಕಲು ಪುಕ್ಕಟೆ ಜಾಗ ಇದೆ, ಆದರೆ 66 ವರ್ಷದ ಅಮ್ಮನ ಮಂಡಿ ಅದಕ್ಕೆ ಒಪ್ಪಬೇಕಲ್ಲ. ಕೊನೆಗೆ ಗಸ್ಟೇವಸ್ ಹಳ್ಳಿಯಲ್ಲಿ ಒಂದು ಮನೆಯಂಥ ವಸತಿ ಸಿಕ್ಕಿತು.

ಆಮೇಲೆ ಬೋಟು. ಬಾರ್ಟ್‌ಲೆಟ್ ಕೋವ್‌ನಿಂದ ಹಿಮದ ಹತ್ತಿರ ಹೋಗಿ ಬರುವ ಪ್ರವಾಸಿ ಬೋಟು ದಿನಕ್ಕೆ ಒಂದೇ. ಬೆಳಗ್ಗೆ ಏಳೂವರೆಗೆ ಹೊರಟು ಮಧ್ಯಾಹ್ನ ಮೂರೂವರೆಗೆ ವಾಪಸ್, ಒಟ್ಟು 130 ಮೈಲಿ. ತಲೆಗೆ 200 ಡಾಲರಿಗೂ ಮೇಲೆ. ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲವಲ್ಲ ಅಂತ ಖುಷಿಪಟ್ಟಿದ್ದೆ, ಆ ಖುಷಿ ಇಲ್ಲಿ ಇಳಿಯಿತು. ಬೋಟಿನಲ್ಲಿ ಮೂರು ಸೀಟು ಖಾಲಿ ಇದ್ದದ್ದು ನಾವು ತಲುಪುವ ಮರುದಿನ ಮಾತ್ರ. ಅಂದರೆ ಜೂನೋದಲ್ಲಿ ಮಂಜು ಮುಸುಕಿ ಪುಟ್ಟ ವಿಮಾನ ಅರ್ಧ ದಿನ ತಡ ಮಾಡಿದರೆ ಮುಗೀತು. ಇಷ್ಟೆಲ್ಲ ಮಾಡಿ ಹಿಮ ನೋಡದೆ ವಾಪಸ್.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ದಂಡ ಕಟ್ಟಿ ಟಿಕೆಟ್ ಬದಲಾಯಿಸಿದೆ. ಈಗ ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಬೋಟಿನ ಸೀಟಿನಿಂದ ಶುರು ಮಾಡಿ. ಅದಾದ ಮೇಲೆ ಮಲಗುವ ಜಾಗ. ವಿಮಾನ ಕೊನೆಗೆ. ಬೋಟಿನ ದಿನದ ಹಿಂದೆ ಒಂದು ದಿನ, ಮುಂದೆ ಒಂದು ದಿನ ಖಾಲಿ ಬಿಡಿ. ಮಳೆಗಾಲದಲ್ಲಿ ಮದುವೆ ಇಟ್ಟುಕೊಂಡವರು ದಿಬ್ಬಣವನ್ನು ಹಿಂದಿನ ದಿನವೇ ಕರೆಸಿಕೊಳ್ಳುತ್ತಾರಲ್ಲ, ಹಾಗೆ.

ದಿನ ಆರಿಸುವುದೂ ಒಂದು ಪಂಚಾಯ್ತಿ. ಏಪ್ರಿಲ್, ಮೇ, ಜೂನ್ ಅಲ್ಲಿ ಮಳೆ ಕಡಿಮೆ ಇರುವ ತಿಂಗಳು. ಸೆಪ್ಟೆಂಬರ್, ಅಕ್ಟೋಬರ್ ಜಾಸ್ತಿ. ಜೂನ್ ಕೊನೆಗೆ ಹಗಲು ಸುಮಾರು 18 ಗಂಟೆ. ಹಾಗಾಗಿ ಜೂನ್ ಕೊನೆಯ ವಾರ ಅಂದೆ. ಆದರೆ ಅಪ್ಪ ಎಲ್ಲೋ ಜಾನ್ಸ್ ಹಾಪ್ಕಿನ್ಸ್ ಹಿಮನದಿಯ ಚಿತ್ರ ನೋಡಿ, ಅದೇ ಬೇಕು ಅಂದಿದ್ದರು. ಆ ಹಿಮನದಿ ಇರುವ ಕೊಲ್ಲಿಯ ಕವಲಿನೊಳಗೆ ಮೇ 1ರಿಂದ ಜೂನ್ 30ರ ತನಕ ಬೋಟುಗಳಿಗೆ ಪ್ರವೇಶ ಇಲ್ಲ. ದೊಡ್ಡ ಕ್ರೂಸ್ ಹಡಗುಗಳಿಗಂತೂ ಆಗಸ್ಟ್ ಮುಗಿಯುವವರೆಗೂ ಇಲ್ಲ. ತೇಲುವ ಹಿಮದ ಹಲಗೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಮರಿ ಹಾಕುವ ಕಾಲ ಅದು. ಬೋಟಿನ ಸದ್ದಿಗೆ ಬೆದರಿ ತಾಯಿ ನೀರಿಗೆ ಹಾರಿದರೆ ಮರಿ ಒಂಟಿ.

ಅಪ್ಪನ ಮುಖ ಸಪ್ಪಗಾಯಿತು. ಅಮ್ಮ ಮಾತ್ರ, "ಬಾಣಂತಿ ಕೋಣೆಗೆ ನುಗ್ಗಬಾರದು. ಸರಿಯಾಗೇ ಮಾಡಿದ್ದಾರೆ," ಅಂದರು. ಜೂನ್ ಗಟ್ಟಿಯಾಯಿತು.

ಬಟ್ಟೆಯ ವಿಷಯಕ್ಕೆ ಮನೆಯಲ್ಲಿ ಒಂದು ವಾರ ಜಗಳ. ಅಲ್ಲಿ ಬೇಸಿಗೆ ಅಂದರೆ 10ರಿಂದ 15 ಡಿಗ್ರಿ, ಹಿಮದ ಹತ್ತಿರ ಇನ್ನೂ ಕಡಿಮೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈ ಕೊರೆಯುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಒಳಗೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ನೀರು ಇಳಿಯದ ಕೋಟು. ಅಪ್ಪ ಊರಿನಿಂದ ತಂದಿದ್ದ ಕೊಡೆಯೇ ಸಾಕು ಅಂದರು. "ಕಂಬಳಿಕೊಪ್ಪೆ ತಂದಿದ್ದರೆ ಇದ್ಯಾವುದೂ ಬೇಕಿರಲಿಲ್ಲ" ಅಂತಲೂ ಸೇರಿಸಿದರು. ಸುಮ್ನೆ ಹೇಳಿದ್ದಲ್ಲ, ಒದ್ದೆಯಾದರೂ ಬೆಚ್ಚಗಿಡುವುದು ಉಣ್ಣೆಯ ಗುಣವೇ ತಾನೇ. ಒಪ್ಪಿಕೊಂಡೆ. ಕೋಟು ಮಾತ್ರ ಕೊಡಿಸಿಯೇ ಬಿಟ್ಟೆ. ವಸತಿಯವರು ಮಂಡಿವರೆಗಿನ ರಬ್ಬರ್ ಬೂಟು ಕೊಡುತ್ತೇವೆ ಅಂದಿದ್ದರು. ಅದು ದೊಡ್ಡ ಉಳಿತಾಯ.

ಊಟಕ್ಕೆ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್‌ಗಳು, ಒಂದು ಬಾಟಲಿ ಅಪ್ಪೆಮಿಡಿ. ಹಳ್ಳಿಯಲ್ಲಿ ಒಂದು ಸಣ್ಣ ಅಂಗಡಿ ಇದೆ, ಆದರೆ ಸಾಮಾನೆಲ್ಲ ಹೊರಗಿನಿಂದ ಬರಬೇಕು. ಅಪ್ಪನ ಬಿಪಿ ಮಾತ್ರೆ ನಾಲ್ಕು ದಿನಕ್ಕೆ ಹೆಚ್ಚಿಗೆ, ಕೈಚೀಲದಲ್ಲೇ. ದೊಡ್ಡ ಆಸ್ಪತ್ರೆ ಬೇಕಾದರೆ ಜೂನೋಗೆ ಹಾರಬೇಕು, ಅದಕ್ಕೆ ಇಬ್ಬರಿಗೂ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದೆ. ಕರಡಿಗೆ ಹೊಡೆಯುವ ಸ್ಪ್ರೇ ಒಂದನ್ನು ಕೊಂಡಿದ್ದೆ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಇಡುವಂತಿಲ್ಲ. ಮನೆಯ ಗ್ಯಾರೇಜಿನಲ್ಲಿ ಇವತ್ತಿಗೂ ಇದೆ.

ಸಿಯಾಟಲ್‌ನಿಂದ ಜೂನೋಗೆ ಎರಡೂವರೆ ಗಂಟೆ. ಖಾಲಿ ಬಿಟ್ಟ ಮೊದಲ ದಿನ ಚಂದ ಬಿಸಿಲು. ಮಂಜಿನ ಸುಳಿವೇ ಇಲ್ಲ. ಜೂನೋ ಪಕ್ಕದಲ್ಲೇ ರಸ್ತೆಗೆ ಸಿಗುವ ಮೆಂಡನ್‌ಹಾಲ್ ಹಿಮನದಿಗೆ ಹೋಗಿ ಸರೋವರದ ಆಚೆ ಬದಿಯಿಂದ ನೋಡಿ ಬಂದೆವು. ಮರುದಿನ ಪುಟ್ಟ ವಿಮಾನದ ಕೌಂಟರಿನಲ್ಲಿ ಹುಡುಗಿ ನಗುತ್ತಾ ಕೇಳಿದಳು: ನಿಮ್ಮ ತೂಕ ಎಷ್ಟು? ಪುಟ್ಟ ವಿಮಾನ ನೋಡಿ, ಚೀಲದ ತೂಕದ ಹಾಗೆ ಜನರ ತೂಕವನ್ನೂ ಲೆಕ್ಕ ಹಾಕಿ ಕೂರಿಸುತ್ತಾರೆ. ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, 68 ಕೆಜಿ. ಕೌಂಟರಿನವಳಿಗೆ ಪೌಂಡಿನಲ್ಲಿ ಬೇಕು. ಲೆಕ್ಕ ಹಾಕಿ "ನೂರೈವತ್ತು" ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆಕೆಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಮ್ಮ ವಿಮಾನ ಇಳಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಅರ್ಧ ಗಂಟೆಯ ಪ್ರಯಾಣ, ಪುಣ್ಯ.

ಗಸ್ಟೇವಸ್ ಪೂರ್ತಿ ಚಪ್ಪಟೆ ನೆಲ. ಸುತ್ತ ಬೆಟ್ಟ, ನಡುವೆ ಇದೊಂದು ತಟ್ಟೆಯ ಹಾಗೆ. ಹಿಮ ಕರಗಿದ ನೀರು ಹೊತ್ತು ತಂದು ಹರವಿದ ಮರಳು ಮತ್ತು ಜಲ್ಲಿ. ಸಾವಿರಾರು ಅಡಿ ದಪ್ಪದ ಹಿಮದ ಭಾರ ಇಳಿದ ಮೇಲೆ ಇಲ್ಲಿನ ನೆಲವೇ ಮೇಲೇಳುತ್ತಿದೆ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಇಂಚು. ಸಮುದ್ರ ಹಿಂದೆ ಸರಿದು ಹೊಸ ನೆಲ ಹುಟ್ಟುತ್ತದೆ. ಹಾಗೆ ಎದ್ದ ನೆಲದಲ್ಲಿ ಊರವರು ಗಾಲ್ಫ್ ಮೈದಾನವನ್ನೂ ಮಾಡಿಕೊಂಡಿದ್ದಾರೆ. ಅಪ್ಪನಿಗೆ ಹಿಮಕ್ಕಿಂತ ಇದೇ ದೊಡ್ಡ ಸುದ್ದಿ. "ಹೊಸ ನೆಲದ ಪಹಣಿ ಯಾರ ಹೆಸರಲ್ಲಿ ಇರುತ್ತೆ?" ಅಂತ ಎರಡು ದಿನ ಕೇಳಿದರು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ಬೇಲಿ ಬಿದ್ದಿರುತ್ತಿತ್ತು ಅಂತ ಅವರೇ ಉತ್ತರವನ್ನೂ ಕೊಟ್ಟುಕೊಂಡರು.

ಬೋಟಿನ ದಿನ ಜಿಟಿಜಿಟಿ ಮಳೆ. ನಮ್ಮ ಆಷಾಢದ ಮಳೆ ಅಲ್ಲ, ಜರಡಿ ಹಿಡಿದ ಹಾಗೆ. ಬಾರ್ಟ್‌ಲೆಟ್ ಕೋವ್‌ನ ಕಾಡು ನೋಡಿದರೆ ಶತಮಾನಗಳ ಹಳೆಯದು ಅನ್ನಿಸುತ್ತದೆ. ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳು, ಕೆಳಗೆ ಹೆಜ್ಜೆ ಹೂತುಹೋಗುವಷ್ಟು ಹಾವಸೆ. ಅಮ್ಮ ಬಗ್ಗಿ ಸವರಿ, "ನಮ್ಮ ಬಾವಿಕಟ್ಟೆ," ಅಂದರು. ಆದರೆ 1750ರ ಸುಮಾರಿಗೆ ಇದೇ ಜಾಗದ ಮೇಲೆ ಹಿಮ ಇತ್ತು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ತಂಡದವರು ಬಂದಾಗ ಕಂಡದ್ದು ಹಿಮದ ಗೋಡೆಯಲ್ಲಿ ಐದು ಮೈಲಿಯ ಒಂದು ತಗ್ಗು ಮಾತ್ರ. 1879ರಲ್ಲಿ ನಿಸರ್ಗದ ಬಗ್ಗೆ ಬರೆಯುತ್ತಿದ್ದ ಜಾನ್ ಮ್ಯೂರ್ ಬರುವಷ್ಟರಲ್ಲಿ ಹಿಮ 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ನಾವು ಆ ದಿನ ಬೋಟಿನಲ್ಲಿ ಹೋದ ದಾರಿಯೆಲ್ಲ ನಮ್ಮ ಮುತ್ತಾತನ ಮುತ್ತಾತನ ಕಾಲಕ್ಕೆ ಗಟ್ಟಿ ಹಿಮ.

ಬೋಟು ಉತ್ತರಕ್ಕೆ ಹೋದ ಹಾಗೆ ದಡದ ಕಾಡಿನ ವಯಸ್ಸು ಇಳಿಯುತ್ತಾ ಹೋಗುತ್ತದೆ. ಮೊದಲು ದೊಡ್ಡ ಮರ. ಆಮೇಲೆ ಆಲ್ಡರ್ ಪೊದೆ. ಆಮೇಲೆ ಬರೀ ಹಸಿರು ಚಾಪೆಯಂಥ ಪುಟ್ಟ ಗಿಡ. ಕೊನೆಗೆ ಬೋಳು ಬಂಡೆ. ಹಿಮ ಬಿಟ್ಟುಕೊಟ್ಟ ಬರಡು ನೆಲಕ್ಕೆ ಗಿಡಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ವಿಲಿಯಂ ಕೂಪರ್ ಎಂಬ ವಿಜ್ಞಾನಿ 1916ರಿಂದ ಇಲ್ಲಿ ಗುರುತು ಹಾಕಿ ಅಳೆದರು. 1925ರಲ್ಲಿ ಈ ಜಾಗಕ್ಕೆ ರಕ್ಷಣೆ ಸಿಕ್ಕಿದ್ದರ ಹಿಂದೆ ಅವರ ಓಡಾಟವೂ ಇತ್ತು. ರಾಷ್ಟ್ರೀಯ ಉದ್ಯಾನ ಆದದ್ದು 1980ರಲ್ಲಿ. ಬೋಟಿನಲ್ಲಿದ್ದ ರೇಂಜರ್ ಆಲ್ಡರ್ ಗಿಡ ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತದೆ ಅಂದಾಗ ನಾನು ಕನ್ನಡ ಮಾಡಿ ಹೇಳಿದೆ. ಅಪ್ಪ ತಕ್ಷಣ, "ಅಂದ್ರೆ ಇದು ಇವರ ಗೊಬ್ಬರದ ಗಿಡ," ಅಂದರು. ನಮ್ಮಲ್ಲಿ ತೋಟದ ಬೇಲಿಗುಂಟ ನೆಟ್ಟು ಗೊಬ್ಬರಕ್ಕೆ ಸೊಪ್ಪು ಕಡಿಯುವ ಗ್ಲಿರಿಸಿಡಿಯಾದ ಹಾಗೆ. ಆಮೇಲೆ ರೇಂಜರ್ ಹೇಳಿದ್ದನ್ನೆಲ್ಲ ಅಪ್ಪನೇ ಅಮ್ಮನಿಗೆ ವಿವರಿಸಲು ಶುರು ಮಾಡಿದರು. ಇಂಗ್ಲಿಷ್ ಅರ್ಥವಾಗದೆ!

ಮಾರ್ಬಲ್ ದ್ವೀಪಗಳ ಹತ್ತಿರ ಕಡಲಸಿಂಹಗಳು ಬಂಡೆ ತುಂಬಾ ಬಿದ್ದುಕೊಂಡಿದ್ದವು. ಚಿತ್ರದಲ್ಲಿ ವಾಸನೆ ಬರುವುದಿಲ್ಲ ಅನ್ನುವುದು ಅಲ್ಲಿ ಹೊಳೆಯುತ್ತದೆ. ಪಫಿನ್ ಹಕ್ಕಿ ಕಂಡಿತು. ಗ್ಲೂಮಿ ನಾಬ್ ಎಂಬ ಗುಡ್ಡದಲ್ಲಿ ಬಿಳಿ ಚುಕ್ಕಿಗಳಂತೆ ಬೆಟ್ಟದ ಮೇಕೆ. ತಿಮಿಂಗಿಲ ಒಂದು ಬಾರಿ ಬೆನ್ನು ತೋರಿಸಿ ಹೋಯಿತು. ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಬರೀ ನೀರು.

ಒಂದು ಕಡೆ ಬೋಟು ಮೂತಿಯನ್ನು ಕಲ್ಲಿನ ದಡಕ್ಕೆ ತಾಗಿಸಿ ಏಣಿ ಇಳಿಸಿತು. ಇಬ್ಬರು ಹುಡುಗರು ಕಯಾಕ್, ಟೆಂಟು, ಕರಡಿಗೆ ತೆಗೆಯಲು ಬಾರದ ಊಟದ ಡಬ್ಬ ಇಳಿಸಿಕೊಂಡರು. ಐದು ದಿನ ಬಿಟ್ಟು ಬೋಟು ಬಂದು ಕರೆದುಕೊಂಡು ಹೋಗುತ್ತದಂತೆ. ಬೋಟು ಹಿಂದೆ ಸರಿಯಿತು. ಆ ದಡದಲ್ಲಿ ಅವರಿಬ್ಬರು, ಕಲ್ಲು, ಮಳೆ. "ಈ ಮಕ್ಕಳಿಗೆ ಮನೇಲಿ ಯಾರೂ ಇಲ್ವಾ?" ಅಂದರು ಅಮ್ಮ. ಚೀಲದಲ್ಲಿದ್ದ ಚಕ್ಕುಲಿ ಕೊಡಲಿಲ್ಲವಲ್ಲ ಅಂತ ಸಂಜೆಯವರೆಗೂ ಕೊರಗಿದರು.

ಮಾರ್ಜರಿ ಹಿಮನದಿ ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿ ಎತ್ತರ. ಈ ಅಂಕಿಗಳನ್ನು ನಾನು ಜನವರಿಯಿಂದ ಬಾಯಿಪಾಠ ಮಾಡಿದ್ದೆ. ಎದುರು ನಿಂತಾಗ ಒಂದೂ ಉಪಯೋಗಕ್ಕೆ ಬರಲಿಲ್ಲ. ಅಳತೆ ಸಿಗುವುದೇ ಇಲ್ಲ, ಪಕ್ಕದಲ್ಲಿ ಹೋಲಿಸಲು ಮನೆ ಇಲ್ಲ, ಮರ ಇಲ್ಲ. ಒಂದು ತುಂಡು ಕಳಚಿ ಬಿದ್ದಿತು, ಅಯ್ಯೋ ಇಷ್ಟೇನಾ ಅನ್ನಿಸಿತು. ಆಮೇಲೆ ಸದ್ದು ಬಂತು. ಆಮೇಲೆ ಅಲೆ ಬಂದು ಬೋಟನ್ನು ಎತ್ತಿ ಇಳಿಸಿತು. ಆಗ ಗೊತ್ತಾಯಿತು ಅದು ಎಷ್ಟು ದೊಡ್ಡದಿತ್ತು ಅಂತ. ಮುಂದಿನ ತುಂಡಿಗೆ ಅಮ್ಮ ಎಣಿಸಲು ಶುರು ಮಾಡಿದರು. ಮನೆಯಲ್ಲಿ ಮಿಂಚು ಕಂಡ ಮೇಲೆ ಗುಡುಗು ಬರುವವರೆಗೆ ಎಣಿಸುತ್ತಾರಲ್ಲ, ಅದೇ ಅಭ್ಯಾಸ. "ಒಂದು..." ಅನ್ನುವಷ್ಟರಲ್ಲಿ ಢಂ. ಈ ನೆಲದ ಮೂಲ ಜನ ಕ್ಲಿಂಕಿಟ್‌ರು ಈ ಸದ್ದಿಗೆ ಬಿಳಿ ಗುಡುಗು ಅನ್ನುತ್ತಾರೆ ಅಂತ ಆಮೇಲೆ ರೇಂಜರ್ ಹೇಳಿದಾಗ ಅಮ್ಮ, ನೋಡಿದ್ಯಾ, ಅನ್ನುವಂತೆ ನನ್ನನ್ನು ನೋಡಿದರು.

ಪಕ್ಕದಲ್ಲೇ ಗ್ರ್ಯಾಂಡ್ ಪೆಸಿಫಿಕ್ ಹಿಮನದಿ. ಹೆಸರು ಭಾರೀ. ಈ ಇಡೀ ಕೊಲ್ಲಿಯನ್ನು ಕೊರೆದದ್ದು ಅದೇ. ಈಗ ಮೇಲೆಲ್ಲ ಕಲ್ಲು ಮಣ್ಣು ಹೊದ್ದು ಕಪ್ಪಾಗಿ ಬಿದ್ದಿದೆ. ಅಪ್ಪ ಅದನ್ನು ಕ್ವಾರಿ ಅಂದುಕೊಂಡಿದ್ದರು. ಫೋಟೋ ತೆಗೆಯುವವರು ಯಾರೂ ಅತ್ತ ತಿರುಗಲಿಲ್ಲ.

ಹಿಂದಿರುಗುವ ದಿನ ಬೆಳಗ್ಗೆ ಕಿಟಕಿ ತೆಗೆದರೆ ಎದುರಿನ ಮರ ಕಾಣುತ್ತಿಲ್ಲ. ಮಂಜು. ವಿಮಾನ ರದ್ದು. ಇದಕ್ಕೇ ಅಂತ ಬಿಟ್ಟ ಖಾಲಿ ದಿನ ಕೊನೆಗೂ ದುಡಿಯಿತು. ಮತ್ತೆ ಬಾರ್ಟ್‌ಲೆಟ್ ಕೋವ್‌ಗೆ ಹೋದೆವು. ಅಲ್ಲಿ ನೀರಿಗೆ ಮುಖ ಮಾಡಿ ಹೂನಾ ಕ್ಲಿಂಕಿಟ್ ಜನರ ಮರದ ಮನೆ ಇದೆ, 2016ರಲ್ಲಿ ಕಟ್ಟಿ ಮುಗಿಸಿದ್ದು. ಈ ಕೊಲ್ಲಿ ಅವರ ಊರಾಗಿತ್ತು. ಹಿಮ ಮುಂದೆ ನುಗ್ಗಿ ಅವರನ್ನು ಓಡಿಸಿತು, ನಾಯಿ ಓಡುವಷ್ಟು ಜೋರಾಗಿ ಬಂತು ಅನ್ನುವುದು ಅವರ ಹಿರಿಯರ ಮಾತು. ಹಿಮ ಹಿಂದೆ ಸರಿದ ಮೇಲೆ ಈ ಜಾಗಕ್ಕೆ ಅವರಿಟ್ಟ ಹೆಸರಿನ ಅರ್ಥ, ಹಿಮನದಿ ಇದ್ದಲ್ಲಿ ಈಗಿರುವ ಕೊಲ್ಲಿ. ಜಾಗಕ್ಕೆ ಸರ್ಕಾರದ ರಕ್ಷಣೆ ಬಂದ ಮೇಲೆ ಕಾಯ್ದೆಗಳು ಅಡ್ಡ ಬಂದವು. ಕಡಲಹಕ್ಕಿಯ ಮೊಟ್ಟೆ ಆರಿಸುವ ಅವರ ಹಳೆಯ ರೂಢಿಗೆ ಮತ್ತೆ ದಾರಿ ಮಾಡುವ ಕಾನೂನು ಬಂದದ್ದು 2014ರಲ್ಲಿ.

ನಾನು ಇದನ್ನು ಹೇಳುವಾಗ ಅಪ್ಪ ಕಂಬದ ಮೇಲಿನ ಕೆತ್ತನೆ ನೋಡುತ್ತಾ ನಿಂತಿದ್ದರು. ನಮ್ಮ ಅತ್ತೆಯನ್ನು ಕೊಟ್ಟ ಮನೆಯವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಅವರ ಮನೆ, ಗದ್ದೆ ಎಲ್ಲ ನೀರಿನಡಿ ಹೋಯಿತು. "ಇವರಿಗೆ ಹಿಮ ವಾಪಸ್ ಕೊಟ್ಟಿದೆ," ಅಂದರು ಅಪ್ಪ. ಮತ್ತೇನೂ ಹೇಳಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಲಕ್ಕಿ ತಿನ್ನೋಣ ಅಂದರೆ ಇಲ್ಲಿ ಕಂಡಕಂಡಲ್ಲಿ ತಿನ್ನಬಾರದು, ಕರಡಿಗೆ ವಾಸನೆ ಹೋಗುತ್ತದೆ ಅಂತ ನಾನೇ ತಡೆದೆ. ಲಾಡ್ಜಿನ ಒಳಗೆ ಹೋಗಿ ಕಾಫಿ ಕುಡಿದೆವು. ಅಮ್ಮನ ಪ್ರಕಾರ ಅದು ಕಾಫಿ ಅಲ್ಲ.

ಮರುದಿನ ಬೆಳಗ್ಗೆ ಆಕಾಶ ಬಿಳಿಚಿತ್ತು, ಆದರೂ ತೆರೆದಿತ್ತು. ವಿಮಾನ ನಿಲ್ದಾಣ ಅಂದರೆ ಒಂದು ಸಣ್ಣ ಕೋಣೆ. ಕೌಂಟರಿನ ಹಿಂದೆ ಈ ಬಾರಿ ಒಬ್ಬ ಹುಡುಗ. ಅವನು ಹಾಳೆಯಿಂದ ತಲೆ ಎತ್ತುವ ಮೊದಲೇ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದರು.

"ಒನ್ ಫಿಫ್ಟಿ ಫೋರ್," ಅಂದರು, ಕೋಣೆಗೆಲ್ಲ ಕೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ದಿನ ಇವರ ಬ್ರೆಡ್ಡು ತಿಂದಿದ್ದೀನಿ. ಸುಳ್ಳು ಹೇಳಿ ವಿಮಾನ ಬೀಳಿಸೋಕಾಗುತ್ತಾ?"